ಧಾರಾವಾಹಿ ನೋಡಿ ರಾತ್ರಿ ಒಂದು ಗಂಟೆಯಾಗುತ್ತೆ, ಬೆಳಿಗ್ಗೆ ನಾಚಿಕೆ ಎಂದವರಿಗೆ
ಧಾರಾವಾಹಿಯನ್ನು ಮನೆಯವರಿಗೆ ತಿಳಿಯದಂತೆ ನೋಡುತ್ತೇನೆ ಎಂದು ಬರೆದಿದ್ದೀರಿ. ಹಾಗೆ ಕದ್ದುಮುಚ್ಚಿ ನೋಡುವುದೇ ನಿಮ್ಮನ್ನು ರಾತ್ರಿ ಒಂದು ಗಂಟೆಯವರೆಗೆ ಎಳೆಯುತ್ತಿರಬೇಕು. ಮನೆಯವರೆಲ್ಲ ಮಲಗಿದ ಮೇಲೆ ಮೊಬೈಲ್ ಹಿಡಿದರೆ, ‘ಸಾಕು, ನಿಲ್ಲಿಸು’ ಅನ್ನುವವರು ಯಾರೂ ಇರುವುದಿಲ್ಲ.

ಮೊದಲು ಆ್ಯಪ್‌ನಲ್ಲಿ ಮುಂದಿನ ಕಂತು ತಾನಾಗಿ ಶುರುವಾಗುವುದನ್ನು ಆಫ್ ಮಾಡಿ. ಆಮೇಲೆ, ಕಂತು ಮುಗಿದಾಗ ನಿಲ್ಲಿಸಬೇಡಿ, ನಡುವೆಯೇ ನಿಲ್ಲಿಸಿ. ಕುತೂಹಲದ ಗಂಟು ಹಾಕುವುದು ಕೊನೆಯ ಎರಡು ನಿಮಿಷದಲ್ಲಿ, ಬಿಚ್ಚುವುದು ಮುಂದಿನ ಕಂತಿನ ಶುರುವಿನಲ್ಲಿ. ಹತ್ತನೇ ನಿಮಿಷಕ್ಕೆ ಎದ್ದುಹೋಗುವುದು ಎಷ್ಟೋ ಸುಲಭ, ನನಗೆ ನಿದ್ದೆ ಸರಿಹೋದದ್ದು ಇದರಿಂದಲೇ. ಒಂದು ವಾರದ ನಂತರ ಊಟದ ಹೊತ್ತಿಗೆ ಟಿವಿಯಲ್ಲೇ, ಎಲ್ಲರೆದುರು ನೋಡಿ.

ಕಾರಂತರನ್ನು ಓದುವವರು ಅತ್ತೆ-ಸೊಸೆ ಜಗಳ ನೋಡಬಹುದೇ ಅಂತ ಕೇಳಿದ್ದೀರಿ. ಧಾರಾಳವಾಗಿ ನೋಡಿ, ಅದರಿಂದ ಓದಿನ ರುಚಿ ಕೆಡುವುದಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದಲೇ ಓದಿನ ರುಚಿ ಹತ್ತಿದವರು ನಮ್ಮಲ್ಲಿ ಎಷ್ಟೋ ಜನ.

ನಿದ್ದೆ ಕೆಡುವುದಕ್ಕೆ ಕೆಲಸದ ಒತ್ತಡವೂ ಕಾರಣವಿರಬಹುದು. ಎರಡು ವಾರದಲ್ಲೂ ನಿದ್ದೆ ಸುಧಾರಿಸದಿದ್ದರೆ ವೈದ್ಯರನ್ನು ಕಾಣಿ.