ದೂರುಗಳ ನಡುವೆ ಮುಖ್ಯೋಪಾಧ್ಯಾಯಿನಿ

ಪ್ರಶ್ನೆ: ಮೈಸೂರಿನ ಉದಯಗಿರಿಯಲ್ಲಿ ಮುಸ್ಲಿಂ ಟ್ರಸ್ಟ್ ಒಂದು ನಡೆಸುವ ಪ್ರೌಢಶಾಲೆಗೆ ಈ ವರ್ಷ ಮುಖ್ಯೋಪಾಧ್ಯಾಯಿನಿಯಾಗಿದ್ದೇನೆ. ಗಣಿತ ಪಾಠ ಮಾಡಿ ಗೊತ್ತೇ ಹೊರತು ಆಡಳಿತದ ಅನುಭವವಿಲ್ಲ. ದೀನಿಯಾತ್ (ಇಸ್ಲಾಂ ಧರ್ಮಶಿಕ್ಷಣ) ಮತ್ತು ಅರಬ್ಬಿ ಪಿರಿಯಡ್‌ಗಳಿಂದಾಗಿ ಎಸ್ಸೆಸ್ಸೆಲ್ಸಿ ಪಾಠಗಳು ಮುಗಿಯುತ್ತಿಲ್ಲವೆಂದು ವಿಷಯ ಶಿಕ್ಷಕರು ಗೊಣಗುತ್ತಾರೆ. ತಮ್ಮ ಪಿರಿಯಡ್ ಕಸಿದುಕೊಳ್ಳುತ್ತಿದ್ದಾರೆಂದು ಮೌಲ್ವಿ ಸಾಹೇಬರು ನೇರವಾಗಿ ಕಮಿಟಿಗೆ ದೂರು ಒಯ್ಯುತ್ತಾರೆ. ನಾನು ಏನು ತೀರ್ಮಾನಿಸಿದರೂ ಒಬ್ಬರಿಗೆ ಮುನಿಸು. ದಾರಿ ತೋರಿಸಿ.
– ಓದುಗರೊಬ್ಬರು, ಮೈಸೂರು

ಉತ್ತರ: ತೀರ್ಮಾನಕ್ಕೆ ಅವಸರಪಡಬೇಡಿ ಮೇಡಂ. ಎರಡು ವಾರಗಳ ಕಾಲ ಪ್ರತಿ ತರಗತಿಯಲ್ಲಿ ಯಾವ ಪಿರಿಯಡ್ ಎಷ್ಟು ಹೊತ್ತಿಗೆ ಆರಂಭವಾಯಿತು, ಯಾವುದು ನಡೆಯಲಿಲ್ಲ, ಏಕೆ ಎಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆಸಿ. ಪ್ರಾರ್ಥನೆ ಲಂಬಿಸಿದ್ದು, ರಜೆ ಹಾಕಿದವರ ತರಗತಿಗೆ ಬದಲಿ ಶಿಕ್ಷಕರನ್ನು ಕಳಿಸದಿದ್ದದ್ದು, ಶುಕ್ರವಾರ ಜುಮಾ ನಮಾಜಿನ ಬಳಿಕ ತರಗತಿ ತಡವಾಗಿ ಸೇರಿದ್ದು ಇವೆಲ್ಲ ಅದರಲ್ಲಿ ಕಾಣಬಹುದು. ಆಗ ಜಗಳ ವ್ಯಕ್ತಿಗಳಿಂದ ಕಳಚಿಕೊಂಡು ಲೆಕ್ಕದ ಮೇಲೆ ನಿಲ್ಲುತ್ತದೆ, ಲೆಕ್ಕ ಹೇಗೂ ನಿಮ್ಮದೇ ವಿಷಯ.

ಆ ನೋಟ್‌ಬುಕ್ ಮುಂದಿಟ್ಟುಕೊಂಡು ಎರಡೂ ಕಡೆಯವರನ್ನು ಒಂದೇ ಸಭೆಗೆ ಕರೆಯಿರಿ. ಕಮಿಟಿಯವರಿಗೂ ಮೌಲ್ವಿ ಸಾಹೇಬರಿಗೂ ಶೂರಾ, ಅಂದರೆ ಸಮಾಲೋಚನೆ, ಹೊಸದಲ್ಲ. ಕುರಾನಿನ 42ನೇ ಅಧ್ಯಾಯಕ್ಕೆ ಆ ಹೆಸರೇ ಇದೆ. ಆದರೆ 3ನೇ ಅಧ್ಯಾಯದ 159ನೇ ಆಯತಿನ ಕ್ರಮವನ್ನು ಗಮನಿಸಿ: ಅವರೊಂದಿಗೆ ಸಮಾಲೋಚಿಸು, ನಿರ್ಧರಿಸಿದ ಮೇಲೆ ಅಲ್ಲಾಹನ ಮೇಲೆ ಭರವಸೆಯಿಡು. ಎಲ್ಲರೂ ಒಪ್ಪುವವರೆಗೆ ಕಾಯಬೇಕೆಂದು ಅಲ್ಲಿಲ್ಲ. ಕೇಳಿಸಿಕೊಳ್ಳದೆ ಆಜ್ಞೆ ಹೊರಡಿಸುವವರೂ, ಕೇಳಿಸಿಕೊಂಡು ತೀರ್ಮಾನವನ್ನು ಮುಂದೂಡುತ್ತಲೇ ಇರುವವರೂ ಶಾಲೆಗೆ ಸಮಾನವಾಗಿ ಹಾನಿ ಮಾಡುತ್ತಾರೆ. ನಿಮ್ಮ ಪತ್ರ ನೋಡಿದರೆ ನಿಮಗೆ ಎರಡನೆಯದರ ಅಪಾಯವೇ ಹೆಚ್ಚು.

ಕಮಿಟಿಯ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಬೇಕು. ಸಂವಿಧಾನದ 30(1)ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಸಂಸ್ಥೆಗಳನ್ನು ನಡೆಸುವ ಹಕ್ಕು ಕೊಟ್ಟಿದೆ. ಆ ಹಕ್ಕಿನಲ್ಲಿ ದುರಾಡಳಿತ ನಡೆಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1958ರಲ್ಲೇ ಹೇಳಿದೆ. ಹಣಕಾಸು, ನೇಮಕಾತಿ ಕಮಿಟಿಗಿರಲಿ. ವೇಳಾಪಟ್ಟಿ ನಿಮಗಿರಲಿ ಎಂದು ಲಿಖಿತ ಠರಾವು ಮಾಡಿಸಿಕೊಳ್ಳಿ, ಶಿಕ್ಷಕರ ದೂರು ಮೊದಲು ನಿಮ್ಮಲ್ಲಿಗೇ ಬರಬೇಕೆಂಬುದನ್ನೂ ಅದರಲ್ಲಿ ಸೇರಿಸಿ.

ತರಬೇತಿ ಬೇಕೆನಿಸಿದರೆ ದೆಹಲಿಯ ನೀಪಾ (ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆ) ಸಂಸ್ಥೆಯಲ್ಲಿರುವ ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರದ ಆನ್‌ಲೈನ್ ಕೋರ್ಸ್ ನೋಡಿ. ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲೂ ವಿಚಾರಿಸಿ.

ಮೊದಲ ಪ್ರಯೋಗಕ್ಕೆ ರಂಜಾನ್ ತಿಂಗಳ ವೇಳಾಪಟ್ಟಿಯನ್ನೇ ಎತ್ತಿಕೊಳ್ಳಿ. ಅದು ವರ್ಷವೂ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತ, ಈಗಿನ ವರ್ಷಗಳಲ್ಲಿ ಎಸ್ಸೆಸ್ಸೆಲ್ಸಿ ಸಿದ್ಧತೆಯ ದಿನಗಳಲ್ಲೇ ಬರುತ್ತಿದೆ. ಕರಡು ಸಿದ್ಧಪಡಿಸುವ ಹೊಣೆಯನ್ನು ಮೌಲ್ವಿ ಸಾಹೇಬರಿಗೂ ವಿಜ್ಞಾನ ಶಿಕ್ಷಕರಿಗೂ ಜಂಟಿಯಾಗಿ ವಹಿಸಿ, ಸಹಿ ಮಾತ್ರ ನೀವು ಹಾಕಿ.