ಹಳೇ ಮಿಲಿಟರಿ ಲೆದರ್ ಜಾಕೆಟ್: ಸವೆದಿದೆಯೋ, ಸತ್ತಿದೆಯೋ?

ಪ್ರಶ್ನೆ: ಪೈಲಟ್‌ಗಳು ಹಾಕುತ್ತಿದ್ದ ಹಳೇ ಲೆದರ್ ಜಾಕೆಟ್ ಮೇಲೆ ಬಹಳ ದಿನದಿಂದ ಕಣ್ಣಿತ್ತು. ಈಗ ಆನ್‌ಲೈನ್‌ನಲ್ಲಿ ಒಂದು ಸಿಕ್ಕಿದೆ. ಎರಡನೇ ಮಹಾಯುದ್ಧದ ಅಸಲಿ ಅಮೆರಿಕನ್ ಎ-2 ಅಂತ ಮಾರುವವರು ಹೇಳುತ್ತಾರೆ. ಮೊಣಕೈ ಹತ್ತಿರ ಬಿರುಕಿದೆ. ಸೊಂಟದ ಉಣ್ಣೆ ಪಟ್ಟಿಯಲ್ಲಿ ತೂತುಗಳಿವೆ. ಜಿಪ್ ಬದಲಾಗಿದೆ, ಲೈನಿಂಗ್ ಹರಿದಿದೆ, ಕಾಲರ್ ಕೆಳಗಿನ ಲೇಬಲ್ ಅರ್ಧ ಅಳಿಸಿದೆ. ಬೆನ್ನ ಮೇಲೆ ವಿಮಾನದ ಚಿತ್ರವೂ ಇದೆ. ಎಣ್ಣೆ ಹಚ್ಚಿದರೆ ಹೊಸದರಂತೆ ಆಗುತ್ತದಂತೆ. ನನಗೆ ಗಾಜಿನ ಕಪಾಟಿನಲ್ಲಿ ಇಡುವುದಕ್ಕಲ್ಲ, ಹಾಕಿಕೊಳ್ಳುವುದಕ್ಕೆ ಬೇಕು. ತಗೊಳ್ಳಬಹುದಾ ಸರ್?

ಉತ್ತರ: ಹಾಕಿಕೊಳ್ಳುವುದಕ್ಕೆ ಬೇಕು ಅಂದಿರಲ್ಲ, ಅದರಿಂದ ನನ್ನ ಅರ್ಧ ಕೆಲಸ ಮುಗಿಯಿತು. ಸಂಗ್ರಹಕಾರರು ಮೂಗು ಮುರಿಯುವ ಎಷ್ಟೋ ಕುಂದುಗಳು ನಿಮಗೆ ಲಾಭವೇ. ಅವು ಬೆಲೆ ಇಳಿಸುತ್ತವೆ, ಜಾಕೆಟ್ಟಿನ ಆಯುಸ್ಸನ್ನಲ್ಲ.

ಜಿಪ್ಪನ್ನೇ ನೋಡಿ. ಆ ಕಾಲದ ಎ-2ಗಳಿಗೆ ಟ್ಯಾಲನ್, ಕ್ರೌನ್, ಕಾನ್‌ಮಾರ್ ಕಂಪನಿಗಳ ಲೋಹದ ಜಿಪ್ ಇರುತ್ತಿತ್ತು. ಅದು ಹೋಗಿದ್ದರೆ ಸಂಗ್ರಹಕಾರರಿಗೆ ಸಂಕಟ. ನಿಮಗೇನು? ಎಂಬತ್ತು ವರ್ಷದ ಜಿಪ್ ಅರ್ಧ ದಾರಿಯಲ್ಲಿ ಹಲ್ಲು ಕಚ್ಚಿ ನಿಲ್ಲುವುದಕ್ಕಿಂತ ಹೊಸದೇ ವಾಸಿ. ಸೊಂಟದ ಮತ್ತು ಮಣಿಕಟ್ಟಿನ ಉಣ್ಣೆ ಪಟ್ಟಿಗೆ ನುಸಿ ಹಿಡಿಯುವುದು ಮಾಮೂಲಿ. ಎ-2ಕ್ಕೆಂದೇ ಹೆಣೆದ ಹೊಸ ಪಟ್ಟಿ ಸಿಗುತ್ತದೆ, ಹಾಕಿಸಿದರಾಯಿತು.

ಹರಿದ ಲೈನಿಂಗ್ ಬಗ್ಗೆ ನಿಮಗೆ ಬೇಜಾರಿದ್ದಂತಿದೆ. ನನಗೆ ಖುಷಿ. ಲೈನಿಂಗ್ ಗಟ್ಟಿ ಇದ್ದರೆ ತೊಗಲಿನ ಒಳಮೈ ಕಾಣುವುದೇ ಇಲ್ಲ. ಹರಿದಿದ್ದರೆ ಅದೊಂದು ಕಿಟಕಿ. ಆ ಕಿಟಕಿಯಲ್ಲಿ ಇಣುಕಿ ಮೊಣಕೈ ಬಿರುಕನ್ನು ನೋಡಬೇಕು. ನೀವು ಹೇಳಿದ ಕುಂದುಗಳಲ್ಲಿ ನಿಜಕ್ಕೂ ಯೋಚಿಸಬೇಕಾದದ್ದು ಅದೊಂದೇ.

ಬಿರುಕಿನಲ್ಲಿ ಎರಡು ಬಗೆ. ಒಂದು, ಮೇಲೆ ಬಳಿದ ಬಣ್ಣದ್ದು. ತೊಗಲಿನ ಮೇಲೆ ತೆಳುವಾದ ಬಣ್ಣದ ಪದರ ಇರುತ್ತದೆ. ಕೈ ಮಡಚಿ ಮಡಚಿ ಅದು ಸೀಳುತ್ತದೆ. ಕೆರೆಯ ತಳ ಒಣಗಿದ ಹಾಗೆ ಕಾಣುತ್ತದೆ ನಿಜ, ಆದರೆ ಕೆಳಗಿನ ತೊಗಲು ಗಟ್ಟಿಯಾಗಿಯೇ ಇರುತ್ತದೆ. ಇನ್ನೊಂದು, ತೊಗಲಿನ ನಾರೇ ತುಂಡಾಗಿರುವುದು. ಮೊದಲನೆಯದು ವಯಸ್ಸಾದ ಮುಖದ ಸುಕ್ಕು. ಎರಡನೆಯದು ಮುರಿದ ಮೂಳೆ.

ಎರಡನ್ನೂ ಬೇರೆ ಮಾಡಿ ನೋಡುವುದು ಹೀಗೆ. ಬಿರುಕಿನ ಪಕ್ಕದ ಜಾಗವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮಡಚಿ ಅದರ ವೀಡಿಯೊ ಕಳಿಸಲು ಮಾರುವವರನ್ನು ಕೇಳಿ. ಫೋಟೊ ಸಾಲದು. ಮಡಚಿದಾಗ ಬಿರುಕಿನ ತಳದಲ್ಲಿ ನಾರು ನಾರಾಗಿ ಕಂಡು, ಅದು ಬಾಯಿ ಬಿಡುತ್ತಾ ಹೋದರೆ ಕೈಬಿಡಿ. ಒಳಮೈಯಲ್ಲೂ ಅದೇ ಗೆರೆ ಕಂಡರೆ ಇನ್ನು ಮಾತೇ ಬೇಡ. ಆಮೇಲೆ ಬಿಳಿ ಬಟ್ಟೆಯೊಂದರಿಂದ ಒಳಮೈಯನ್ನು ಉಜ್ಜಿ ತೋರಿಸಲು ಹೇಳಿ. ತುಕ್ಕಿನ ಬಣ್ಣದ ಪುಡಿ ಧಾರಾಳವಾಗಿ ಉದುರಿದರೆ ಅದಕ್ಕೆ ರೆಡ್ ರಾಟ್ ಅನ್ನುತ್ತಾರೆ. ಮರದ ತೊಗಟೆಯ ರಸದಲ್ಲಿ ಹದ ಮಾಡಿದ ತೊಗಲು ವರ್ಷಗಟ್ಟಲೆ ಗಾಳಿಯಲ್ಲಿನ ಗಂಧಕದ ಅನಿಲಗಳನ್ನು ಹೀರಿಕೊಂಡು ಒಳಗೇ ಆಮ್ಲವಾಗುತ್ತದೆ. ಆ ಆಮ್ಲ ನಾರನ್ನು ತಿನ್ನುತ್ತದೆ. ಅದು ಹಿಂದೆ ಬರುವ ದಾರಿಯಲ್ಲ. ಮ್ಯೂಸಿಯಂನವರು ಪುಡಿ ಉದುರದಂತೆ ತಡೆಯುವ ದ್ರಾವಣ ಹಚ್ಚಿ ನಿಲ್ಲಿಸುತ್ತಾರೆ, ಅಷ್ಟೇ. ಅದನ್ನು ಹಾಕಿಕೊಂಡು ಓಡಾಡಲು ಆಗುವುದಿಲ್ಲ.

ಹೊಲಿಗೆಯನ್ನೂ ಬಿಡಬೇಡಿ. ತೋಳು ಕೂಡುವ ಜಾಗ, ಜೇಬಿನ ಮೂಲೆ, ಕಾಲರ್ ಬುಡ, ಇವು ಮೊದಲು ಸೋಲುವ ಕಡೆ. ಸೂಜಿ ತೂತುಗಳ ಸಾಲು ಅಂದರೆ ಅಂಚೆ ಚೀಟಿಯ ಅಂಚಿನ ಹಾಗೆ, ತೊಗಲು ದುರ್ಬಲವಾದರೆ ಅಲ್ಲೇ ಹರಿಯುತ್ತದೆ. ದಾರ ಮಾತ್ರ ಹೋಗಿ ತೂತುಗಳು ದುಂಡಗೆ ಉಳಿದಿದ್ದರೆ ಚಿಂತೆಯಿಲ್ಲ, ಹಳೇ ಹತ್ತಿ ದಾರ ಲಡ್ಡಾಗಿದೆ ಅಷ್ಟೇ. ಆದರೆ ರಿಪೇರಿ ಮಾಡುವವರಿಗೆ ಒಂದು ಮಾತು ಖಂಡಿತವಾಗಿ ಹೇಳಿ: ಹಳೇ ತೂತಿನಲ್ಲೇ ಹೊಲಿಯಬೇಕು. ಮಷಿನ್ನಿಗೆ ಕೊಟ್ಟು ಪಕ್ಕದಲ್ಲಿ ಇನ್ನೊಂದು ಸಾಲು ಹೊಡೆಸಿದರೆ ಅಂಚೆ ಚೀಟಿಗೆ ಇನ್ನೊಂದು ಅಂಚು ಕೊಟ್ಟ ಹಾಗೆ. ತೂತುಗಳು ಉದ್ದಕ್ಕೆ ಎಳೆದು ಒಂದಕ್ಕೊಂದು ಸೇರಿದ್ದರೆ ತೊಗಲೇ ಸೋತಿದೆ. ಕಂಕುಳನ್ನು ಮುಟ್ಟಿ ನೋಡಲು ಹೇಳಿ. ಬೆವರು ಕುಡಿದು ಕುಡಿದು ಅಲ್ಲಿ ತೊಗಲು ರಟ್ಟಿನಂತೆ ಆಗಿರುತ್ತದೆ.

ಇನ್ನು ಆ ಎಣ್ಣೆಯ ಮಾತು. ಸುಮ್ನೆ ಮಾತು ಅದು. ನೀಟ್ಸ್‌ಫುಟ್ ಎಣ್ಣೆ ಆಗಲಿ, ಮಿಂಕ್ ಎಣ್ಣೆ ಆಗಲಿ, ಗಟ್ಟಿಯಿರುವ ನಾರು ಒಂದರ ಮೇಲೊಂದು ಜಾರಲು ಸಹಾಯ ಮಾಡುತ್ತದೆ. ತುಂಡಾದ ನಾರನ್ನು ಕೂಡಿಸುವುದಿಲ್ಲ. ಜಾಸ್ತಿ ಹಚ್ಚಿದರೆ ಬಣ್ಣ ಕಪ್ಪಾಗುತ್ತದೆ, ಧೂಳು ಹಿಡಿಯುತ್ತದೆ, ಎಣ್ಣೆ ಲೈನಿಂಗಿಗೂ ಇಳಿಯುತ್ತದೆ. ಫೋಟೊದಲ್ಲಿ ಜಾಕೆಟ್ ಒದ್ದೆ ಒದ್ದೆಯಾಗಿ ಮಿನುಗುತ್ತಿದ್ದರೆ ನನಗೆ ಮೊದಲು ಅನುಮಾನ ಬರುತ್ತದೆ. ಮಾರುವ ಮುಂಚೆ ಎಣ್ಣೆ ಹಚ್ಚಿ ಬಿರುಕು ಮುಚ್ಚುವುದು ಹಳೇ ಚಾಳಿ. ನೀವು ಕೊಂಡ ಮೇಲೂ ಅಷ್ಟೇ. ಒಣ ಬಟ್ಟೆಯಲ್ಲಿ ಒರೆಸಿ, ಲೆದರ್ ಕಂಡೀಷನರನ್ನು ಕಾಣದ ಜಾಗದಲ್ಲಿ ಒಂದು ಚೂರು ಹಚ್ಚಿ, ಒಂದು ದಿನ ಕಾದು ನೋಡಿ. ತೊಗಲು ತೊಳೆಯಲೆಂದು ಮಾರುವ ಸ್ಯಾಡಲ್ ಸೋಪು ಬೇಡ. ಅದು ಕ್ಷಾರ, ತೊಗಲಿನ ಗುಣ ಆಮ್ಲದ ಕಡೆಗೆ. ಎರಡೂ ಕೂಡಿ ಬರುವುದಿಲ್ಲ.

ಇಷ್ಟೆಲ್ಲ ಪಾಸಾದ ಮೇಲೆ ಅಸಲಿಯೋ ಅಲ್ಲವೋ ಎಂಬ ಪ್ರಶ್ನೆ. ತೊಗಲೇ ಸತ್ತಿದ್ದರೆ ಅಸಲಿಯಾಗಿದ್ದು ಏನು ಬಂತು, ಅಲ್ವಾ? ಅಮೆರಿಕದ ಸೇನೆ ಎ-2ಕ್ಕೆ ಒಪ್ಪಿಗೆ ಕೊಟ್ಟದ್ದು 1931ರಲ್ಲಿ. 1943ರಲ್ಲಿ ತೊಗಲಿನ ಜಾಕೆಟ್ ನಿಲ್ಲಿಸಿ ಬಟ್ಟೆಯ ಜಾಕೆಟ್ಟಿಗೆ ಹೊರಳಿದರು. ಹೆಚ್ಚಿನವು ಕುದುರೆ ತೊಗಲು, ಕೆಲವು ಆಡಿನದು. ಬೆನ್ನು ಒಂದೇ ತುಂಡು. ಭುಜದ ಮೇಲೆ ಪಟ್ಟಿ. ಕಾಲರ್ ತುದಿ ಟಿಚ್ ಬಟನ್‌ನಲ್ಲಿ ಕೂರುತ್ತದೆ. ಮುಂದೆ ಮುಚ್ಚಳದ ಎರಡು ಜೇಬು, ಅವಕ್ಕೆ ಮೇಲಿನಿಂದ ಮಾತ್ರ ಕೈ ಹೋಗುತ್ತದೆ. ಚಳಿಗೆ ಕೈ ತೂರಿಸಲು ಪಕ್ಕದಲ್ಲಿ ಸೀಳಿದ್ದರೆ ಅದು ಯುದ್ಧಕಾಲದ್ದಲ್ಲ. ಲೇಬಲ್‌ನಲ್ಲಿ 30-1415 ಎಂಬ ನಂಬರ್ ಹುಡುಕಿ, ಅದು ಎ-2ರ ನಕ್ಷೆಯ ನಂಬರ್. ಅರ್ಧ ಅಳಿಸಿದ್ದರೂ ಅದರ ಒಂದೆರಡು ಅಂಕಿ ಉಳಿದಿರಬಹುದು. ಆದರೆ ಒಳ್ಳೆಯ ನಕಲುಗಳಲ್ಲೂ ಅದೇ ನಂಬರ್ ಅಚ್ಚು ಹಾಕುತ್ತಾರೆ, ಹಾಗಾಗಿ ಲೇಬಲ್ ಒಂದನ್ನೇ ನಂಬಬೇಡಿ. 1988ರಲ್ಲಿ ಅಮೆರಿಕದ ವಾಯುಪಡೆ ಎ-2ವನ್ನು ಮತ್ತೆ ಜಾರಿಗೆ ತಂದಿತು, ಈ ಸಲ ಆಡಿನ ತೊಗಲಿನಲ್ಲಿ. ಅದೂ ಮಿಲಿಟರಿಯದೇ, ಸುಳ್ಳಲ್ಲ. ಆದರೆ ಯುದ್ಧದ ಬೆಲೆ ಕೊಡಬೇಕಾದದ್ದಲ್ಲ.

ನೋಟು ಪರೀಕ್ಷೆಗೆ ಬಳಸುವ ಯುವಿ ಟಾರ್ಚ್ ಇದ್ದರೆ ಹೊಲಿಗೆಯ ಮೇಲೆ ಹಿಡಿಸಿ ನೋಡಿ. ಈಗಿನ ಪಾಲಿಯೆಸ್ಟರ್ ದಾರ ಸಾಮಾನ್ಯವಾಗಿ ಬೆಳ್ಳಗೆ ಹೊಳೆಯುತ್ತದೆ, ಹಳೇ ಹತ್ತಿ ದಾರ ಮಂಕಾಗಿರುತ್ತದೆ. ಬದಲಾದ ಜಿಪ್ ಸುತ್ತ ಹೊಳೆದರೆ ತಪ್ಪೇನಿಲ್ಲ, ಅದು ರಿಪೇರಿ. ಇಡೀ ಜಾಕೆಟ್ ಹೊಳೆದರೆ ಯೋಚಿಸಿ. ಬೆನ್ನ ಮೇಲಿನ ವಿಮಾನದ ಚಿತ್ರಕ್ಕೆ ಟಾರ್ಚೂ ಬೇಡ. ತೊಗಲು ಸುಕ್ಕಾದಲ್ಲೆಲ್ಲ ಬಣ್ಣವೂ ಒಡೆದಿರಬೇಕು. ಬಣ್ಣ ಬಿರುಕಿನ ಒಳಗೆ ಇಳಿದಿದ್ದರೆ ಮೊದಲು ಬಿರುಕು ಬಂದಿದೆ, ಆಮೇಲೆ ಚಿತ್ರಕಾರ ಬಂದಿದ್ದಾನೆ.

ನನ್ನ ಮಾತು ಕೇಳುವುದಾದರೆ, ಮಡಚಿದ ವೀಡಿಯೊ ಸರಿಯಿದ್ದು, ಇಷ್ಟವಾಗದಿದ್ದರೆ ವಾಪಸ್ ತಗೊಳ್ಳುತ್ತೇವೆ ಅಂತ ಬರೆದು ಕೊಟ್ಟರೆ ತಗೊಳ್ಳಿ. ಪಟ್ಟಿ, ಲೈನಿಂಗ್ ಹಾಕಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು ಚೌಕಾಸಿ ಮಾಡಿ. ಜಾಕೆಟ್ಟಿನ ಜೊತೆ ಬರುವ ಕಥೆಗೆ ಬಿಡಿಗಾಸೂ ಕೊಡಬೇಡಿ.

ಪ್ರಶ್ನೆ: ನನ್ನ ಅಳತೆ 42. ಲೇಬಲ್‌ನಲ್ಲೂ 42 ಅಂತಲೇ ಇರುವ ಹಳೇ ಜಾಕೆಟ್ ತರಿಸಿದೆ. ಜಿಪ್ ಹಾಕಲೇ ಆಗುತ್ತಿಲ್ಲ. ನೀರಿನಲ್ಲಿ ನೆನೆಸಿ ಹಿಗ್ಗಿಸಬಹುದೇ?

ಉತ್ತರ: ಅಯ್ಯೋ, ನೆನೆಸಬೇಡಿ. ಹಳೇ ತೊಗಲು ನೆಂದು ಒಣಗಿದರೆ ಹಿಗ್ಗುವ ಬದಲು ಕುಗ್ಗಿ ಬಿರುಸಾಗುತ್ತದೆ. ಬಹುಶಃ ನಿಮ್ಮದಕ್ಕೆ ಹಿಂದೊಮ್ಮೆ ಹಾಗೇ ಆಗಿರಬಹುದು. ಆ ಕಾಲದ ಹೊಲಿಗೆಯೂ ಮೈಗೆ ಹತ್ತಿದಂತೆ, ಗಿಡ್ಡ. ಸೊಂಟದ ಪಟ್ಟಿ ಬೆಲ್ಟ್ ಇರುವ ಜಾಗದಲ್ಲೇ ಕೂರುತ್ತದೆ. ಮುಂದಿನ ಸಲ ಲೇಬಲ್ ಬಿಡಿ. ನಿಮಗೆ ಸರಿಯಾಗಿ ಕೂರುವ ಜಾಕೆಟ್ ಒಂದನ್ನು ಮೇಜಿನ ಮೇಲೆ ಹರಡಿ. ಕಂಕುಳಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ, ತೋಳಿನ ಉದ್ದ, ಬೆನ್ನಿನ ಉದ್ದ, ಇಷ್ಟು ಅಳೆದು ಬರೆದಿಡಿ. ಮಾರುವವರಿಂದಲೂ ಇದೇ ನಾಲ್ಕು ಅಳತೆ ತರಿಸಿ. ಭುಜ ಬಿಗಿಯಾದರೆ ಯಾವ ಟೈಲರೂ ಏನೂ ಮಾಡಲಾರ. ತೋಳು ಅರ್ಧ ಇಂಚು ಕಡಿಮೆ ಬಿದ್ದರೆ ಹೊಸ ಉಣ್ಣೆ ಪಟ್ಟಿಯನ್ನು ಸ್ವಲ್ಪ ಉದ್ದ ಹಾಕಿಸಿ ಸರಿದೂಗಿಸಬಹುದು.

ಪ್ರಶ್ನೆ: ತರಿಸಿದ ಜಾಕೆಟ್ ಮೇಲೆ ಬೂದು ಬಿಳಿ ಪುಡಿಯಿದೆ. ನುಸಿ ಗುಳಿಗೆಯ ವಾಸನೆ ಬೇರೆ. ಬೂಷ್ಟಾ?

ಉತ್ತರ: ಹೇರ್ ಡ್ರೈಯರ್ ತಗೊಂಡು ದೂರದಿಂದ ಉಗುರುಬೆಚ್ಚಗಿನ ಗಾಳಿ ಬಿಡಿ. ಪುಡಿ ಕರಗಿ ಮಾಯವಾದರೆ ಅದು ತೊಗಲಿನ ಕೊಬ್ಬು ಮೇಲೆ ಬಂದು ಕೂತದ್ದು, ಒರೆಸಿದರೆ ಮುಗಿಯಿತು. ಕರಗದೆ ನಿಂತು, ಮುಗ್ಗಲು ವಾಸನೆಯೂ ಇದ್ದರೆ ಬೂಷ್ಟು. ಮೂಗಿಗೆ ಮಾಸ್ಕ್ ಹಾಕಿ, ಮನೆಯ ಹೊರಗೆ, ಮೆದು ಬ್ರಷ್ಷಿನಲ್ಲಿ ಒಣಗಿದಂತೆಯೇ ಉಜ್ಜಿ ತೆಗೆಯಿರಿ. ಬೇರೆ ಬಟ್ಟೆಗಳ ಜೊತೆ ತೂಗುಹಾಕಬೇಡಿ. ಗುಳಿಗೆ ವಾಸನೆಗೆ ಗಾಳಿಯೇ ಮದ್ದು, ನೆರಳಿನಲ್ಲಿ, ವಾರಗಟ್ಟಲೆ. ಸೆಂಟು ಹೊಡೆದರೆ ಎರಡು ವಾಸನೆ ಆಗುತ್ತದೆ. ಉಣ್ಣೆ ಪಟ್ಟಿಯಲ್ಲಿ ಹುಳು ಇರಬಹುದು ಅನ್ನಿಸಿದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರಗೆ ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೂ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ತೊಗಲಿನ ಮೇಲೆ ನೀರು ಕಟ್ಟುತ್ತದೆ. ಆಮೇಲೆ ಅಗಲ ಭುಜದ ಹ್ಯಾಂಗರ್‌ನಲ್ಲಿ, ಬಟ್ಟೆಯ ಹೊದಿಕೆ ಹಾಕಿ ಇಡಿ.

ಪ್ರಶ್ನೆ: ಬಾಂಬರ್ ವಿಮಾನದವರು ಹಾಕುತ್ತಿದ್ದ ಕುರಿಯುಣ್ಣೆಯ ದಪ್ಪ ಜಾಕೆಟ್ ತಗೊಳ್ಳುವ ಆಸೆ. ಎ-2ಗಿಂತ ಅದೇ ಗಟ್ಟಿ ಅಲ್ವಾ?

ಉತ್ತರ: ನೋಡಲು ಗಟ್ಟಿ. ಅಮೆರಿಕದ ಬಿ-3 ಇರಲಿ, ಪ್ಯಾರಾಚೂಟ್‌ಗೆ ಹೆಸರಾದ ಲೆಸ್ಲಿ ಇರ್ವಿನ್ ಬ್ರಿಟಿಷ್ ವಾಯುಪಡೆಗೆ ಮಾಡಿಕೊಟ್ಟ ಇರ್ವಿನ್ ಜಾಕೆಟ್ ಇರಲಿ, ದಪ್ಪವೆಲ್ಲ ಉಣ್ಣೆಯದ್ದು. ಕುರಿ ತೊಗಲು ಅದರ ಹಿಂದೆ ತೆಳ್ಳಗೆ, ಮೆತ್ತಗೆ ಇರುತ್ತದೆ. ಎಂಬತ್ತು ವರ್ಷದಲ್ಲಿ ಅದು ಕಾಗದವಾಗುತ್ತದೆ. ಹಾಕಿಕೊಳ್ಳಲು ಬೇಕಿದ್ದರೆ ಅಮೆರಿಕದ ನೌಕಾಪಡೆಯ ಜಿ-1 ನೋಡಿ. ಅದು 1947ರಿಂದ ದಶಕಗಟ್ಟಲೆ ತಯಾರಾದದ್ದು. ಹಳೆಯವು ಆಡಿನ ತೊಗಲಿನವು, ತುಪ್ಪಟದ ಕಾಲರಿನವು. ಬೆನ್ನಿನಲ್ಲಿ ನೆರಿಗೆ ಇರುವುದರಿಂದ ಕೈ ಮುಂದೆ ಚಾಚಿದರೆ ಎಳೆಯುವುದಿಲ್ಲ. ಅರವತ್ತು ಎಪ್ಪತ್ತರ ದಶಕದ ಲೇಬಲ್‌ಗಳಲ್ಲಿ ಡಿಎಸ್‌ಎ-100 (ಅಮೆರಿಕದ ರಕ್ಷಣಾ ಸರಬರಾಜು ಸಂಸ್ಥೆಯ ಗುರುತು) ಅಂತಿದ್ದು, ಅದರ ಪಕ್ಕದ ಎರಡಂಕಿ ಆ ಗುತ್ತಿಗೆಯ ವರ್ಷ. 68 ಅಂತಿದ್ದರೆ 1968. ವಯಸ್ಸಿಗಾಗಿ ಮಾರುವವರ ಬಾಯಿ ನೋಡಬೇಕಾಗಿಲ್ಲ.

ಕುರಿಯುಣ್ಣೆಯ ಜಾಕೆಟ್ ಬಗ್ಗೆ ಇಷ್ಟು ಖಾರವಾಗಿ ಹೇಳುವುದಕ್ಕೆ ಕಾರಣವಿದೆ. ತುಂಬಾ ವರ್ಷದ ಹಿಂದೆ ನಾನೂ ಒಂದು ಕೊಂಡಿದ್ದೆ, ಒಳಮೈ ನೋಡದೆ, ಫೋಟೊ ನಂಬಿ. ಪಾರ್ಸೆಲ್ ಬಿಚ್ಚಿ, ಹಾಕಿಕೊಂಡು, ಕನ್ನಡಿ ಮುಂದೆ ನಿಂತೆ. ಕಪಾಟಿನ ಮೇಲಿದ್ದ ಟೋಪಿ ತೆಗೆಯಲು ಕೈ ಎತ್ತಿದೆ. ಬೆನ್ನಿನ ಮೇಲೆ ಈ ಭುಜದಿಂದ ಆ ಭುಜದವರೆಗೆ ಸದ್ದೇ ಇಲ್ಲದೆ ಬಿಚ್ಚಿಕೊಂಡಿತು. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಅದರ ಜಿಪ್ ಮಾತ್ರ ಚೆನ್ನಾಗಿತ್ತು. ಬಿಚ್ಚಿ ಇಟ್ಟುಕೊಂಡಿದ್ದೇನೆ.