ಓದುಗರ ಪ್ರಶ್ನೆ: ಮೀಥೈಲ್ ಹೈಡ್ರೋಜನ್ ಕೀಳುವ ವೇಗ

ಪ್ರಶ್ನೆ: ಮೀಥೈಲ್ ರ‍್ಯಾಡಿಕಲ್ ಬ್ಯೂಟೇನಿನಿಂದ ಹೈಡ್ರೋಜನ್ ಕಿತ್ತುಕೊಳ್ಳುವ ವೇಗ ಸ್ಥಿರಾಂಕವನ್ನು ಅಳೆಯಬೇಕು. ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವುದರಿಂದ ಹುಟ್ಟಿದ ಕೂಡಲೇ ಮಾಯವಾಗುವ ರ‍್ಯಾಡಿಕಲ್ಲಿನ ಸಾಂದ್ರತೆ ಸಿಗುವುದಾದರೂ ಹೇಗೆ? ನಮ್ಮಲ್ಲಿ ಲೇಸರ್ ಇಲ್ಲ. ಪಾದರಸ ದೀಪ, ಗಾಜಿನ ವ್ಯಾಕ್ಯೂಮ್ ಲೈನ್, ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಇವೆ.
— ಎಂ.ಎಸ್ಸಿ. ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ಇಷ್ಟಿದ್ದರೆ ಧಾರಾಳವಾಯಿತು. ರ‍್ಯಾಡಿಕಲ್ಲನ್ನು ನೇರವಾಗಿ ನೋಡಬೇಕಿಲ್ಲ, ಅದರ ಲೆಕ್ಕವನ್ನು ಈಥೇನ್ ಹೇಳುತ್ತದೆ. ಎರಡು ಮೀಥೈಲ್ ಕೂಡಿದರೆ ಈಥೇನ್, ಒಂದು ಮೀಥೈಲ್ ಬ್ಯೂಟೇನಿನಿಂದ ಹೈಡ್ರೋಜನ್ ಕಿತ್ತರೆ ಮೀಥೇನ್. ಈಥೇನ್ ಹುಟ್ಟುವ ವೇಗ ಮೀಥೈಲ್ ಸಾಂದ್ರತೆಯ ವರ್ಗವನ್ನು ಅನುಸರಿಸುತ್ತದೆ, ಮೀಥೇನಿನದು ಸಾಂದ್ರತೆಯನ್ನೇ. ಆದ್ದರಿಂದ ಮೀಥೇನ್ ವೇಗವನ್ನು ಈಥೇನ್ ವೇಗದ ವರ್ಗಮೂಲದಿಂದಲೂ ಬ್ಯೂಟೇನ್ ಸಾಂದ್ರತೆಯಿಂದಲೂ ಭಾಗಿಸಿ, ಕೂಡುವಿಕೆಯ ಸ್ಥಿರಾಂಕದ ವರ್ಗಮೂಲದಿಂದ ಗುಣಿಸಿದರೆ ನಿಮಗೆ ಬೇಕಾದ ಸ್ಥಿರಾಂಕ ಬರುತ್ತದೆ. ಕೂಡುವಿಕೆಯ ಸ್ಥಿರಾಂಕ ಚೆನ್ನಾಗಿ ಗೊತ್ತಿರುವುದೇ: 298 ಕೆಲ್ವಿನ್‌ನಲ್ಲಿ, ಒತ್ತಡ ಸಾಕಷ್ಟಿದ್ದಾಗ, ಪ್ರತಿ ಅಣುವಿಗೆ ಸೆಕೆಂಡಿಗೆ ಸುಮಾರು 6×10⁻¹¹ ಘನ ಸೆಂ.ಮೀ.

ಮೀಥೈಲಿಗೆ ಅಸಿಟೋನ್ ಬಳಸಿ: ಬೆಳಕು ಅದನ್ನು ಮೀಥೈಲ್ ಮತ್ತು ಅಸಿಟೈಲ್ ಆಗಿ ಒಡೆಯುತ್ತದೆ, ಅಸಿಟೈಲ್ ಒಡೆದರೆ ಇನ್ನೊಂದು ಮೀಥೈಲ್. ಪೈರೆಕ್ಸ್ ಪಾತ್ರೆಗೆ 20 ಟಾರ್ (ಒತ್ತಡದ ಮಾನ) ಅಸಿಟೋನ್, 100 ಟಾರ್ ಬ್ಯೂಟೇನ್ ತುಂಬಿ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಿ. 120 ಡಿಗ್ರಿಗಿಂತ ಕೆಳಗೆ ಅಸಿಟೈಲ್ ಪೂರ್ತಿ ಒಡೆಯದೆ ಉಳಿದು ಲೆಕ್ಕ ಕೆಡಿಸುತ್ತದೆ. ತುಂಬುವ ಮುನ್ನ ಎರಡನ್ನೂ ದ್ರವ ನೈಟ್ರೋಜನ್‌ನಲ್ಲಿ ಹೆಪ್ಪುಗಟ್ಟಿಸಿ, ಪಂಪ್ ಮಾಡಿ, ಕರಗಿಸಿ. ಹೀಗೆ ಮೂರು ಸಲ. ದೀಪದ 313 ನ್ಯಾನೊಮೀಟರ್ ಬೆಳಕು ಪಾತ್ರೆಯನ್ನು ಪೂರ್ತಿ ತುಂಬಬೇಕು. ಕಿರಿದಾದ ಕಿರಣ ಹಾಯಿಸಿದರೆ ಮೀಥೈಲ್ ನಡುವೆ ದಟ್ಟ, ಅಂಚಿನಲ್ಲಿ ತೆಳು. ಈಥೇನ್ ದಟ್ಟ ಜಾಗದಲ್ಲೇ ಹೆಚ್ಚು ಹುಟ್ಟುವುದರಿಂದ ನಿಮ್ಮ ಸ್ಥಿರಾಂಕ ನಿಜಕ್ಕಿಂತ ಕಡಿಮೆ ಬರುತ್ತದೆ. ಅಸಿಟೋನ್ ಶೇ. 1ರಷ್ಟು ಖರ್ಚಾಗುವುದರೊಳಗೆ ದೀಪ ಆರಿಸಿ.

ಕ್ವಾರ್ಟ್ಸ್ ಪಾತ್ರೆ ಮಾತ್ರ ಬೇಡ. ಮಾನೋಮೀಟರಿನಿಂದ ಬಂದ ಪಾದರಸದ ಆವಿ ಪಾತ್ರೆಯಲ್ಲಿ ಇದ್ದೇ ಇರುತ್ತದೆ. ಕ್ವಾರ್ಟ್ಸ್ ದಾಟಿ ಬರುವ 254 ನ್ಯಾನೊಮೀಟರ್ ಬೆಳಕನ್ನು ಅದು ಹೀರಿ, ತಾನೇ ಬ್ಯೂಟೇನಿನ ಹೈಡ್ರೋಜನ್ ಬಿಡಿಸಿಬಿಡುತ್ತದೆ. ಪೈರೆಕ್ಸ್ ಆ ಬೆಳಕನ್ನು ತಡೆಯುತ್ತದೆ.

ಇನ್ನು ಅಸಿಟೋನಿನ ಪಾಲು. ಮೀಥೈಲ್ ಅಸಿಟೋನಿನಿಂದಲೂ ಹೈಡ್ರೋಜನ್ ಕೀಳುತ್ತದೆ. ಅದೇ ತಾಪದಲ್ಲಿ ಬರೀ ಅಸಿಟೋನ್ ಹಾಕಿ ಒಂದು ಪ್ರಯೋಗ ಮಾಡಿ, ಆ ಮೀಥೇನನ್ನು ಲೆಕ್ಕಹಾಕಿ ಕಳೆಯಲೇಬೇಕು. ಕಳೆದ ಮೇಲೆ ಪ್ರತಿ ಘನ ಸೆಂ.ಮೀ.ಗೆ ಸೆಕೆಂಡಿಗೆ ಮೀಥೇನ್ 2.7×10¹², ಈಥೇನ್ 1.0×10¹² ಅಣು ಹುಟ್ಟಿದವೆಂದುಕೊಳ್ಳಿ. ಕೂಡುವಿಕೆಯ ಸ್ಥಿರಾಂಕ ಆ ತಾಪದಲ್ಲಿ 5×10⁻¹¹ ಎಂದಿಟ್ಟರೆ ಮೀಥೈಲ್ 1.4×10¹¹. ಬ್ಯೂಟೇನ್ 2.28×10¹⁸. ಭಾಗಿಸಿದರೆ ಸ್ಥಿರಾಂಕ ಸುಮಾರು 8.4×10⁻¹⁸. ಇದು ಬ್ಯೂಟೇನಿನ ತುದಿಯ ಮತ್ತು ನಡುವಿನ ಹೈಡ್ರೋಜನ್‌ಗಳೆರಡೂ ಸೇರಿದ ಮೊತ್ತ ಎಂಬುದು ನೆನಪಿರಲಿ.

ಆಮೇಲೆ ಬೆಳಕನ್ನು ತಂತಿಜಾಲರಿಯಿಂದ ಅರ್ಧಕ್ಕಿಳಿಸಿ ಮತ್ತೆ ಅಳೆಯಿರಿ. ಸ್ಥಿರಾಂಕ ಬದಲಾಗಬಾರದು. ಬೆಳಕು ಹೆಚ್ಚಿದಾಗ ಅದೂ ಹೆಚ್ಚಿದರೆ, ಮೀಥೈಲ್, ಬ್ಯೂಟೇನ್ ಹೈಡ್ರೋಜನ್ ಕಳೆದುಕೊಂಡಾಗ ಉಳಿಯುವ ಬ್ಯೂಟೈಲ್ ರ‍್ಯಾಡಿಕಲ್ಲಿನಿಂದಲೂ ಹೈಡ್ರೋಜನ್ ಕಿತ್ತು ಮೀಥೇನ್ ಮಾಡುತ್ತಿದೆ ಎಂದರ್ಥ. ಈ ಪರೀಕ್ಷೆ ಮಾಡದ ಅಂಕಿಯನ್ನು ನಾವಂತೂ ನಂಬುವುದಿಲ್ಲ. ತಾಪದ ಮೇಲೂ ಕಣ್ಣಿರಲಿ: 150 ಡಿಗ್ರಿಯ ಸುತ್ತ ಒಂದು ಡಿಗ್ರಿ ತಪ್ಪಿದರೆ ಸ್ಥಿರಾಂಕ ಶೇ. 2ಕ್ಕಿಂತ ಹೆಚ್ಚು ತಪ್ಪುತ್ತದೆ.

ಪ್ರಶ್ನೆ: ಇದೇ ವಿಧಾನದಲ್ಲಿ ಬ್ಯೂಟೇನಿನ ಬದಲು ಈಥೇನನ್ನು ಅಳೆಯಲು ಹೋದರೆ ಕ್ರೊಮ್ಯಾಟೊಗ್ರಾಮಿನಲ್ಲಿ ಈಥೇನಿನ ದೊಡ್ಡ ಪೀಕ್ ಬಿಟ್ಟು ಏನೂ ಕಾಣುವುದಿಲ್ಲ.
— ಸಂಶೋಧನಾ ವಿದ್ಯಾರ್ಥಿ, ಪುಣೆ

ಉತ್ತರ: ಕಾಣುವುದು ಸಾಧ್ಯವಿಲ್ಲ. ಅಳತೆಗೋಲಾದ ಈಥೇನೂ ನೀವು ತುಂಬಿದ ಈಥೇನೂ ಒಂದೇ. ಆರೂ ಹೈಡ್ರೋಜನ್ ಡ್ಯೂಟೀರಿಯಂ (ಎರಡರಷ್ಟು ತೂಕದ ಹೈಡ್ರೋಜನ್) ಆಗಿರುವ ಅಸಿಟೋನ್ ತಂದುಕೊಳ್ಳಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ನೋಡಿ. ಡ್ಯೂಟೀರಿಯಂ ಮೀಥೈಲ್ ಈಥೇನಿನಿಂದ ಹೈಡ್ರೋಜನ್ ಕಿತ್ತರೆ ದ್ರವ್ಯರಾಶಿ 19ರ ಮೀಥೇನ್, ಅಸಿಟೋನಿನಿಂದ ಡ್ಯೂಟೀರಿಯಂ ಕಿತ್ತರೆ 20ರದ್ದು, ತಮ್ಮತಮ್ಮಲ್ಲೇ ಕೂಡಿದರೆ 36ರ ಈಥೇನ್. ಅಸಿಟೋನಿನ ಪಾಲು ತಾನಾಗಿಯೇ ಬೇರೆಯಾಗುವುದು ಇಲ್ಲಿನ ದೊಡ್ಡ ಅನುಕೂಲ. 18ನ್ನು ಮಾತ್ರ ನಂಬಬೇಡಿ, ಅಲ್ಲಿ ನೀರು ಕೂತಿರುತ್ತದೆ. ಅಸಿಟೋನಿನಲ್ಲಿ ಉಳಿದ ಅಲ್ಪ ಹೈಡ್ರೋಜನ್‌ನಿಂದಲೂ 19 ಬರುವುದರಿಂದ, ಈಥೇನ್ ಇಲ್ಲದ ಪ್ರಯೋಗವೊಂದನ್ನು ಮಾಡಿ ಕಳೆಯಿರಿ.

ಈಥೇನಿನ ಕ್ರಿಯೆ ನಿಧಾನವೆಂದು ಗಾಬರಿ ಬೇಡ. ಅದರ ಹೈಡ್ರೋಜನ್ ಬಂಧ ಮೋಲಿಗೆ ಸುಮಾರು 420 ಕಿಲೋಜೂಲ್, ಐಸೊಬ್ಯೂಟೇನಿನ ನಡುವಿನ ಬಂಧ ಸುಮಾರು 400. ಬಂಧ ಗಟ್ಟಿಯಿದ್ದಷ್ಟೂ ದಾಟಬೇಕಾದ ದಿಣ್ಣೆ ಎತ್ತರ. ತಾಪ 200 ಡಿಗ್ರಿ ದಾಟಿಸಿ.

ಪ್ರಶ್ನೆ: ವ್ಯಾಕ್ಯೂಮ್ ಲೈನಿನ ಟ್ರ್ಯಾಪಿನಲ್ಲಿ (ದ್ರವ ನೈಟ್ರೋಜನ್‌ನಿಂದ ತಣಿಸಿ ಆವಿ ಹಿಡಿಯುವ ಕೊಳವೆ) ತಿಳಿನೀಲಿ ದ್ರವ ಕೂಡಿತ್ತು. ಏನದು?
— ಪ್ರಯೋಗಾಲಯ ಸಹಾಯಕ, ವಾಸ್ಕೋ

ಉತ್ತರ: ದ್ರವ ಆಮ್ಲಜನಕ. ಅಪಾಯ! ಆಮ್ಲಜನಕ −183 ಡಿಗ್ರಿಯಲ್ಲೇ ದ್ರವವಾಗುತ್ತದೆ, ದ್ರವ ನೈಟ್ರೋಜನ್ −196ರಲ್ಲಿದೆ. ಲೈನಿನಲ್ಲಿ ಎಲ್ಲೋ ಗಾಳಿ ಸೋರುತ್ತಿತ್ತು. ಹೈಡ್ರೋಕಾರ್ಬನ್ ಜೊತೆ ಅದು ಸ್ಫೋಟಿಸಬಲ್ಲದು. ಇನ್ನೊಮ್ಮೆ ಕಂಡರೆ ಟ್ರ್ಯಾಪನ್ನು ಎಲ್ಲ ಕಡೆಯಿಂದ ಮುಚ್ಚಬೇಡಿ, ಅದನ್ನು ತಣಿಸುವ ನೈಟ್ರೋಜನ್ ಫ್ಲಾಸ್ಕನ್ನು ಥಟ್ಟನೆ ಕೆಳಗಿಳಿಸಬೇಡಿ. ಹುಡ್ಡಿನ ಗಾಜು ಇಳಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಸುರಕ್ಷತೆಯ ಹೊಣೆಯವರನ್ನು ಕರೆಯಿರಿ. ಮುಂದಿನ ಸಲ ಮೊದಲು ಪಂಪ್ ಮಾಡಿ, ವಾಲ್ವ್ ಮುಚ್ಚಿ, ಒತ್ತಡ ಏರುವುದಿಲ್ಲವೆಂದು ಹತ್ತು ನಿಮಿಷ ನೋಡಿ, ಆಮೇಲಷ್ಟೇ ಟ್ರ್ಯಾಪಿಗೆ ನೈಟ್ರೋಜನ್ ಸುರಿಯಿರಿ. ಆ ಸೋರಿಕೆಯಲ್ಲಿ ತೆಗೆದ ಅಂಕಿಗಳನ್ನೂ ಬಿಟ್ಟುಬಿಡಿ: ಆಮ್ಲಜನಕ ಮೀಥೈಲನ್ನು ಹಿಡಿದುಬಿಡುವುದರಿಂದ ಮೀಥೇನ್, ಈಥೇನ್ ಎರಡೂ ಕುಸಿದಿರುತ್ತವೆ.